ಒಂಬತ್ತನೇ ಪಾಠ

ನಮ್ಮ ಶಾಲೆಯಲ್ಲಿ ಎಂಟನೇ ಪಾಠ ಮುಗಿದ ಮೇಲೆ ಹತ್ತನೆಯದು ಶುರುವಾಗುತ್ತದೆ. ನಡುವಿನ ಒಂಬತ್ತನೆಯದನ್ನು ಮಕ್ಕಳು ಮನಸ್ಸಿನಲ್ಲೇ ಓದಿಕೊಳ್ಳಬೇಕು. ತುಟಿ ಅಲ್ಲಾಡಿಸಿದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ವಾರಿಜಾ ಟೀಚರು ಭಾರೀ ಜೋರು ಎಂದು ಊರಿನಲ್ಲಿ ಹೆಸರಾದದ್ದು ಮುಖ್ಯವಾಗಿ ಈ ಒಂದು ಪಾಠದಿಂದ. ಉಳಿದ ದಿನಗಳಲ್ಲಿ ನಾನು ಅಂಥ ಜೋರಿನವಳೇನೂ ಅಲ್ಲ. ಆದರೆ ಬಂದ ಹೆಸರನ್ನು ಹೋಗಗೊಡಲೂ ಇಲ್ಲ, ಕ್ಲಾಸು ಸುಮ್ಮನಿರುವುದಕ್ಕೆ ಅದು ಉಪಯೋಗಕ್ಕೆ ಬರುತ್ತದೆ.

ನಮ್ಮೂರಿನಲ್ಲಿ ಕಡಲಿಗೆ ಕೇಳುವಷ್ಟು ಹತ್ತಿರ ನಿಂತು ಕಡಲಿನ ಯಾವ ಜೀವಿಯ ಹೆಸರು ಹೇಳಿದರೂ ಅದು ಬರುತ್ತದೆ. ಬರೆದರೆ ಬರುವುದಿಲ್ಲ, ಬಾಯಿಬಿಟ್ಟು ಹೇಳಿದರೆ ಮಾತ್ರ. ಬಂದು, ಯಾಕೆ ಕರೆದಿರಿ ಎಂಬ ಹಾಗೆ ನೀರಿನಂಚಿನಲ್ಲಿ ಕಾಯುತ್ತದೆ. ಕರೆದವರು ಕಾರಣ ಹೇಳಬೇಕು, ಆಮೇಲೆ ‘ಹೋಗಿ ಬನ್ನಿ’ ಎಂದು ಬೀಳ್ಕೊಡಬೇಕು. ಅವರ ಪರವಾಗಿ ಬೇರೆಯವರು ಹೇಳಿದರೆ ನಡೆಯುವುದಿಲ್ಲ. ಸುಮ್ಮನೆ ಕರೆದೆ ಎಂದರೆ ಅದಕ್ಕೆ ಬೇಜಾರಾಗುತ್ತದೆ, ಪಾಪ, ಮಾಡುತ್ತಿದ್ದ ಕೆಲಸ ಬಿಟ್ಟು ಬಂದಿರುತ್ತದೆ. ಹೀಗೆ ಕರೆದು ಹಿಡಿಯುವ ನೀಚತನವನ್ನು ನಮ್ಮ ಮೀನುಗಾರರಲ್ಲಿ ಯಾರೂ ಮಾಡಿದ್ದಿಲ್ಲ. ಬಲೆಗೆ ತಾನಾಗಿ ಬಿದ್ದ ಮೀನನ್ನು ತಿನ್ನುತ್ತೇವೆ, ಕರೆಗೆ ಬಂದದ್ದನ್ನು ನೆಂಟರ ಹಾಗೆ ನೋಡಿಕೊಳ್ಳುತ್ತೇವೆ.

ಆದ್ದರಿಂದ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳದೆ ಸಂಸಾರ ತೂಗಿಸಿದ ಹಾಗೆ ನಾವು ಮೀನಿನ ಹೆಸರು ಹೇಳದೆ ಬದುಕುತ್ತೇವೆ. ಏಡಿಗೆ ನಾವು ಅಡ್ಡ ನಡೆಯುವವರು ಎನ್ನುತ್ತೇವೆ. ಸಿಗಡಿ ಮೀಸೆಯವರು, ಬಂಗುಡೆ ಪಟ್ಟೆಯವರು. ಬುಟ್ಟಿ ಹೊತ್ತು ಬರುವ ಅಪ್ಪಿಯಕ್ಕ ನಮ್ಮ ಬಾಗಿಲಲ್ಲಿ ನಿಂತು, ಪಟ್ಟೆಯವರು ಇವತ್ತು ತಾಜಾ ಇದ್ದಾರೆ ಎನ್ನುತ್ತಾಳೆ. ಬಾಣಲೆಗೆ ಬಿದ್ದ ಮೇಲೂ ನಾವು ಬಹುವಚನ ಬಿಡುವುದಿಲ್ಲ. ಇದರಿಂದ ನಷ್ಟವೂ ಇದೆ. ಪರೀಕ್ಷೆಯಲ್ಲಿ ನಮ್ಮ ಮಕ್ಕಳು ‘ಮೀಸೆಯವರಿಗೆ ಹತ್ತು ಕಾಲುಗಳಿರುತ್ತವೆ’ ಎಂದು ಬರೆದು ಬರುತ್ತಾರೆ. ಎಲ್ಲೋ ದೂರದಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುವವರು ಅದರ ಪಕ್ಕ ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಇಡುತ್ತಾರೆ.

ಒಂಬತ್ತನೇ ಪಾಠ ದೊಡ್ಡವರದ್ದು. ಹಡಗಿನಷ್ಟು ಮೈ, ನೆತ್ತಿಯಿಂದ ನೀರಿನ ಕಾರಂಜಿ ಹಾರಿಸುವವರು. ಅವರ ಹೆಸರನ್ನು ಮಾತ್ರ ನಾವು ಯಾವ ಕಾರಣಕ್ಕೂ ಹೇಳುವುದಿಲ್ಲ. ನಮ್ಮದು ಆಳವಿಲ್ಲದ ಕಡಲು, ಎಷ್ಟೋ ದೂರ ನಡೆದರೂ ಎದೆ ಮುಳುಗುವುದಿಲ್ಲ. ಕರೆದರೆ ಅವರು ಬಂದೇ ಬರುತ್ತಾರೆ, ಬಂದರೆ ಮರಳಿನಲ್ಲಿ ಸಿಕ್ಕಿಬಿದ್ದು ಸಾಯುತ್ತಾರೆ. ನಮ್ಮ ಅಜ್ಜಿಯರ ಕಾಲದಲ್ಲಿ ಹಾಗೆ ಒಮ್ಮೆ ಆಗಿದೆ. ಆಗಿನ ಹೆಡ್‌ಮಾಸ್ತರರು ಪಾಠವನ್ನು ಗಟ್ಟಿಯಾಗಿ ಓದಿದ್ದರು. ಆ ಬಂದವರ ಎರಡು ಪಕ್ಕೆಲುಬುಗಳೇ ಇವತ್ತು ನಮ್ಮ ಶಾಲೆಯ ಗೇಟಿನ ಕಮಾನು. ಅದರ ಕೆಳಗೆ ಹಾದುಹೋಗುವಾಗ ಎಂಥ ತಂಟೆಕೋರ ಮಕ್ಕಳೂ ಕಾಲು ಮೆತ್ತಗೆ ಇಡುತ್ತಾರೆ.

ಇಂಥ ಊರಿಗೆ ಕಡಲಪಾಠ ಎಂಬ ಯೋಜನೆ ಬಂತು. ಕಡಲಿನ ವಿಜ್ಞಾನವನ್ನು ಮೊದಲು ಮೇಷ್ಟರುಗಳಿಗೆ ಕಲಿಸುವುದು, ಆಮೇಲೆ ಮಕ್ಕಳಿಗೆ, ಕೊನೆಯ ದಿನ ದಂಡೆಯ ಮೇಲೆ ಸಮಾರಂಭ. ಕಡಲಿನ ಜೊತೆಯಲ್ಲೇ ಹುಟ್ಟಿ ಬೆಳೆದ ನಮಗೆ ಕಡಲು ಕಲಿಸಲು ಬರುವವರು ಯಾರಪ್ಪ ಎಂದು ನಾನು ಸ್ವಲ್ಪ ಮುಖ ಗಂಟಿಕ್ಕಿಕೊಂಡೇ ಇದ್ದೆ. ಜೀಪಿನಿಂದ ಇಳಿದವರು ಗಿಡ್ಡಗಿನ, ದಪ್ಪ ಕನ್ನಡಕದ ಹೆಂಗಸು. ಹೆಸರು ಡಾಕ್ಟರ್ ಮಹಾದೇವಿ ಹೂಗಾರ. ಊರು ಬಿಜಾಪುರದ ಕಡೆಯ ಕರಿಮಣ್ಣಿನ ಹಳ್ಳಿ, ತಂದೆ ಗುಡಿಗೆ ಹೂ ಕಟ್ಟಿ ಕೊಡುವವರಂತೆ. ಒಂದು ಕೈಯಲ್ಲಿ ಭೂತಗನ್ನಡಿಗಳ ಪೆಟ್ಟಿಗೆ, ಇನ್ನೊಂದರಲ್ಲಿ ಜೋಳದ ರೊಟ್ಟಿಯ ಡಬ್ಬಿ. ನಮ್ಮ ಕುಚ್ಚಲಕ್ಕಿ ಅನ್ನ ತಮ್ಮ ಹೊಟ್ಟೆಗೆ ಆಗುತ್ತದೋ ಇಲ್ಲವೋ ಎಂಬ ಹೆದರಿಕೆಯಿಂದ ವಾರಕ್ಕಾಗುವಷ್ಟು ರೊಟ್ಟಿ ತಂದಿದ್ದರು.

ಗೇಟಿನ ಬಳಿ ನಿಂತು ಕಮಾನನ್ನು ನೋಡಿದವರೇ ಅದರ ಮೇಲೆ ಅಂಗೈ ಇಟ್ಟು, “ಪಕ್ಕೆಲುಬು ಅಲ್ಲೇನ್ರೀ ಇದು?” ಎಂದರು. ಎಲ್ಲಿ ಮುಂದಿನ ಮಾತು ಬಾಯಿಗೆ ಬರುತ್ತದೋ ಎಂದು ನನ್ನ ಜೀವ ಹಾರಿತು. ಗಡಿಬಿಡಿಯಲ್ಲಿ, “ಹೌದು ಮೇಡಂ, ದೊಡ್ಡವರದ್ದು, ಬನ್ನಿ ಚಹಾ ಕುಡಿಯುವಾ” ಎಂದು ಒಳಗೆ ಕರೆದುಕೊಂಡು ಹೋದೆ. ನಮ್ಮ ಪಂಚಾಯತಿ ಅಧ್ಯಕ್ಷ ಕೂಸಪ್ಪ ಬಂಗೇರರು ಆಗಷ್ಟೇ ಅವರಿಗೆ ನಮಸ್ಕಾರ ಹೇಳಿ, ಈ ಶಾಲೆಗೆ ತಾವು ಏನೇನು ಕೊಡಿಸಿದ್ದೇವೆ ಎಂದು ವಿವರಿಸಿ ಹೋಗಿದ್ದರು. ಕಮಾನನ್ನೂ ಅಧ್ಯಕ್ಷರೇ ಕೊಡಿಸಿರಬೇಕು, ಊರವರು ಅವರನ್ನು ದೊಡ್ಡವರು ಎನ್ನುತ್ತಾರೆ ಎಂದು ಹೂಗಾರ ಮೇಡಂ ತಿಳಿದುಕೊಂಡರು. ಇದು ನನಗೆ ಗೊತ್ತಾದದ್ದು ಎಲ್ಲ ಆಗಿಹೋದ ಮೇಲೆ.

ಮೇಷ್ಟರುಗಳ ತರಬೇತಿ ಮರುದಿನ ದಂಡೆಯ ಬಂಡೆಗಳ ಮೇಲೆ ಶುರುವಾಯಿತು. ಮೇಡಂ ಪೈಪಿನ ತುಂಡುಗಳನ್ನು ಜೋಡಿಸಿ ಮಾಡಿದ ಒಂದು ಚೌಕಟ್ಟನ್ನು ಬಂಡೆಯ ಮೇಲಿಟ್ಟು, ಇದರೊಳಗೆ ಕಂಡದ್ದನ್ನೆಲ್ಲ ಹೇಳಿ ಎಂದರು. ಗುಡ್ಡದಾಚೆಯ ಶಾಲೆಯ ಮೇಷ್ಟರೊಬ್ಬರು ಬಗ್ಗಿ ನೋಡುವ ಮೊದಲೇ ಸಮುದ್ರವು ರತ್ನಗಳ ಗಣಿ ಎಂದು ಶುರು ಮಾಡಿದರು. ಮೇಡಂ ನಕ್ಕು ಅವರ ಭುಜ ತಟ್ಟಿದರು. “ನೋಡಿದ್ದನ್ನ ಹೇಳ್ರಿ ಸರ್. ಅನಿಸಿದ್ದನ್ನ ಆಮ್ಯಾಲ ಹೇಳೂಣು.” ಆ ಮಾತನ್ನು ಅವರು ದಿನಕ್ಕೆ ನೂರು ಸಲ ಹೇಳುತ್ತಿದ್ದರು. ಒಂದು ಚೌಕಟ್ಟಿನೊಳಗೆ ಅಷ್ಟು ಸಂಸಾರಗಳಿವೆ ಎಂದು ಈ ವಯಸ್ಸಿನವರೆಗೆ ನಾನೂ ನೋಡಿರಲಿಲ್ಲ. ನನ್ನ ಮುಖದ ಗಂಟು ಅಲ್ಲೇ ಬಿಚ್ಚಿತು.

ಊರಿನ ಪದ್ಧತಿ ಅವರಿಗೆ ಆ ಬೆಳಗ್ಗೆಯೇ ಗೊತ್ತಾಯಿತು. ಅವರು ಏಡಿ ಎಂದದ್ದಕ್ಕೆ ಒಂದು ಏಡಿ ಬಂದು ಅವರ ಚಪ್ಪಲಿಯ ಎದುರು ನಿಂತಿತು. ಗೊತ್ತಿಲ್ಲದೆ ನಕ್ಷತ್ರಮೀನು ಎಂದೂ ಹೇಳಿದ್ದರು. ಅದು ನಿಧಾನದ ಪ್ರಾಣಿ, ಬಂದು ಮುಟ್ಟುವಾಗ ಸಂಜೆಯಾಗಿತ್ತು, ಮೇಡಂ ಚಹಾಕ್ಕೆ ಹೋಗಿದ್ದರು. ಬಂದವರು ಒಬ್ಬರೇ ಕಾಯಬಾರದೆಂದು ಅಪ್ಪಿಯಕ್ಕ ಬುಟ್ಟಿ ಇಳಿಸಿ ಅದರ ಪಕ್ಕ ಕೂತು ಮಾತಾಡಿಸುತ್ತಿದ್ದಳು. ವಿಷಯ ತಿಳಿದು ಮೇಡಂ ಓಡಿಬಂದು ಅದರ ಹತ್ತಿರ ಕ್ಷಮೆ ಕೇಳಿ, ಹೋಗಿ ಬರ್ರಿ ಎಂದು ಕಳಿಸಿದರು. ಇದನ್ನು ತಮ್ಮ ಕಚೇರಿಯಲ್ಲಿ ಹೇಳಿದರೆ ತಮ್ಮನ್ನು ಬೇರೆ ಥರದ ಡಾಕ್ಟರ ಹತ್ತಿರ ಕಳಿಸುತ್ತಾರೆ ಎಂದು ನಗಾಡಿದರು. ಮರುದಿನದಿಂದ ಅವರ ಬಾಯಲ್ಲಿ ಎಲ್ಲವೂ ಮೀಸೆಯವರು, ಪಟ್ಟೆಯವರು. ನಮಗಿಂತ ಹೆಚ್ಚು ಮರ್ಯಾದೆ ಅವರೇ ಕೊಡುತ್ತಿದ್ದರು. ಮಕ್ಕಳಂತೂ ಅವರ ಸೆರಗು ಬಿಡುತ್ತಿರಲಿಲ್ಲ. ಏಳನೇ ಕ್ಲಾಸಿನ ನಿಶ್ಮಿತಾ ಎಂಬ ಹುಡುಗಿ, ನನ್ನ ಪಾಠದಲ್ಲಿ ಕಿಟಕಿ ನೋಡುತ್ತ ಕೂರುವವಳು, ಭೂತಗನ್ನಡಿ ಹಿಡಿದು ಅವರ ಹಿಂದೆಯೇ ತಿರುಗುತ್ತಿದ್ದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ಮೇಡಂ ಉಳಿದದ್ದು ನಮ್ಮ ಮನೆಯಲ್ಲಿ. ಒಂದು ಸಂಜೆ ಜಗಲಿಯಲ್ಲಿ ಕೂತು ಅವರ ರೊಟ್ಟಿ ನಾನು, ನನ್ನ ಗಂಜಿ ಅವರು ತಿನ್ನುತ್ತಿದ್ದಾಗ, ಕಡಲನ್ನೇ ಕಾಣದ ಊರಿನಿಂದ ಬಂದು ಈ ವಿದ್ಯೆಗೆ ಹೇಗೆ ಬಿದ್ದಿರಿ ಎಂದು ಕೇಳಿದೆ. ಅವರು ಕಡಲಿನ ಕಡೆ ತಿರುಗಿದರು. “ಒಬ್ಬರ ಹಾಡು ಕೇಳಿದ್ನಿರೀ ಟೀಚರ್. ಕಿವಿಗೆ ಮಷಿನ್ ಹಚ್ಕೊಂಡು ವರ್ಷಗಟ್ಟಲೆ ಅದನ್ನ ಕೇಳೀನಿ. ಮಾರಿ ಮಾತ್ರ ಇನ್ನೂ ನೋಡಿಲ್ಲ” ಎಂದರು. ಅವರ ಕಣ್ಣು ತುಂಬಿತ್ತು. ಯಾರೋ ಹಾಡುಗಾರನ ಮೇಲೆ ಮನಸ್ಸಿಟ್ಟು ಕೈಗೂಡದೆ ಹೋಗಿರಬೇಕು, ಪಾಪ ಎಂದುಕೊಂಡು ನಾನು ಮುಂದೆ ಕೇಳಲಿಲ್ಲ, ಇನ್ನೊಂದು ಸೌಟು ಗಂಜಿ ಬಡಿಸಿದೆ. ಅವರು ನಮ್ಮ ಮರ್ಯಾದೆ ಕಲಿತು ಹೆಸರು ಹೇಳದೆ ಇದ್ದರು, ನಾನು ನನ್ನ ಮರ್ಯಾದೆಗೆ ಹೆಸರು ಕೇಳದೆ ಇದ್ದೆ. ಇಬ್ಬರಲ್ಲಿ ಒಬ್ಬರಿಗಾದರೂ ಸ್ವಲ್ಪ ಸಭ್ಯತೆ ಕಡಿಮೆಯಿದ್ದಿದ್ದರೆ ಒಳ್ಳೆಯದಿತ್ತು.

ಕೊನೆಯ ದಿನ ದಂಡೆಯ ಮೇಲೆ ಶಾಮಿಯಾನ ಹಾಕಿಸಿದ್ದರು. ಮೈಕು, ಕುರ್ಚಿಗಳು, ಸನ್ಮಾನಕ್ಕೆ ಶಾಲು. ಊರಿಗೆ ಊರೇ ಬಂದಿತ್ತು. ವೇದಿಕೆ ಹತ್ತುವ ಮೊದಲು ನಾನು ಮೇಡಂ ಕೈ ಹಿಡಿದು ಬದಿಗೆ ಕರೆದು, “ಮೇಡಂ, ಬೇರೆ ಎಂತ ಬೇಕಾದ್ರೂ ಹೇಳಿ. ದೊಡ್ಡವರ ಹೆಸರು ಮಾತ್ರ ಮೈಕಿನಲ್ಲಿ ಹೇಳ್ಬೇಡಿ, ದಮ್ಮಯ್ಯ” ಎಂದೆ. ಅವರು ವೇದಿಕೆಯ ಕಡೆ ನೋಡಿದರು. ಅಲ್ಲಿ ಅಧ್ಯಕ್ಷರು ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಿದ್ದರು. ಮೇಡಂ ತಲೆಯಾಡಿಸಿ, “ತಿಳೀತ್ರೀ, ನಮ್ಮ ಕಡೇನೂ ರಾಜಕೀಯ ಐತಿ” ಎಂದರು. ರಾಜಕೀಯ ಎಲ್ಲಿಂದ ಬಂತು ಎಂದು ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಪ್ರಾರ್ಥನೆ ಶುರುವಾಗಿತ್ತು.

ಭಾಷಣದಲ್ಲಿ ಮೇಡಂ ಮಾನ್ಯ ಅಧ್ಯಕ್ಷರೇ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದರು. ನನ್ನ ಹೆಸರು ಹೇಳಿದರು, ಅಪ್ಪಿಯಕ್ಕನ ಹೆಸರು ಹೇಳಿದರು, ಮೈಕಿನವನ ಹೆಸರನ್ನೂ ಕೇಳಿ ಹೇಳಿದರು, ಕೂಸಪ್ಪ ಬಂಗೇರ ಎಂದು ಮಾತ್ರ ಹೇಳಲಿಲ್ಲ. ಬಂಗೇರರ ಮುಖ ಊದಿಕೊಳ್ಳುತ್ತ ಬಂತು. ಇದೇನು ಇವರಿಗೆ, ಅಷ್ಟು ದೊಡ್ಡ ಮನುಷ್ಯನನ್ನು ಬಿಟ್ಟುಬಿಟ್ಟರಲ್ಲ ಎಂದು ನಾನು ಕುರ್ಚಿಯಲ್ಲಿ ಚಡಪಡಿಸುತ್ತಿದ್ದೆ. ಆಮೇಲೆ ಮಕ್ಕಳು ಪ್ರಶ್ನೆ ಕೇಳಬಹುದು ಎಂದರು. ನಿಶ್ಮಿತಾ ಎದ್ದು ನಿಂತಳು.

“ಮೇಡಂ, ಒಂಬತ್ತನೇ ಪಾಠದವರ ಬಗ್ಗೆ ಹೇಳಿ. ನಮ್ಮ ಟೀಚರ್ ಅದನ್ನು ಮಾಡುದಿಲ್ಲ.”

ಮೇಡಂ ಮುಖ ದೀಪ ಹಚ್ಚಿದ ಹಾಗೆ ಆಯಿತು. ಇದನ್ನು ಯಾರಾದರೂ ಕೇಳಲಿ ಎಂದೇ ಇಷ್ಟು ದಿನ ಕಾದಿದ್ದೆ ಎಂದರು. ದಂಡೆಯ ಜೀವಿಗಳು ಮಾತ್ರ ಕರೆಗೆ ಬರುತ್ತವೆ, ನಡುಗಡಲಿನವರಿಗೆ ಇದೆಲ್ಲ ಎಲ್ಲಿ ಕೇಳಬೇಕು ಎಂದು ಅವರ ಲೆಕ್ಕ. ನಾನು ಎದ್ದ ರಭಸಕ್ಕೆ ಕುರ್ಚಿ ಮಗುಚಿ ಬಿತ್ತು. ಅಷ್ಟರಲ್ಲಿ ಅವರು ಮೈಕಿಗೆ ಬಾಯಿ ಹತ್ತಿರ ತಂದು, ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡ ಪ್ರೀತಿಯನ್ನೆಲ್ಲ ಸೇರಿಸಿ ಹೇಳಿಬಿಟ್ಟರು. ತಿಮಿಂಗಿಲ. ಒಂದು ಸಲ ಅಲ್ಲ, ಮತ್ತೆ ಮತ್ತೆ.

ಕುರ್ಚಿಯಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಕಡಲಿನ ಕಡೆ ತಿರುಗಿದರು. ಮೈಕಿನವನು ಮೈಕು ಆರಿಸಿದ, ಈಗ ಆರಿಸಿ ಏನು ಬಂತು. ನಾನು ವೇದಿಕೆ ಹತ್ತಿ ಮೇಡಂ ಕಿವಿಯಲ್ಲಿ, ದೊಡ್ಡವರು ಎಂದರೆ ಅಧ್ಯಕ್ಷರಲ್ಲ, ನೀವು ಈಗ ಕರೆದವರು, ಗೇಟಿನ ಕಮಾನು ಅವರ ಪೈಕಿಯವರದ್ದು ಎಂದು ಹೇಳಿದೆ. ಅವರು ಕಮಾನಿನ ಕಡೆ ನೋಡಿದರು, ಅಧ್ಯಕ್ಷರನ್ನು ನೋಡಿದರು, ಆಮೇಲೆ ಕಡಲು ನೋಡಿದರು. ದೂರದಲ್ಲಿ ನೀರಿನ ಕಾರಂಜಿಯೊಂದು ಮೇಲೆದ್ದಿತು.

ಮೇಡಂ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಆ ಕಾರಂಜಿಯನ್ನು ಕಂಡ ಅವರ ಮುಖ ನೋಡಿ ಸಿಟ್ಟು ಇಳಿದುಹೋಯಿತು. ಹೆದರಿಕೆಯೂ ಇತ್ತು, ಅಳುವೂ ಇತ್ತು, ಅವೆಲ್ಲದರ ಮೇಲೆ ಚಿಕ್ಕ ಹುಡುಗಿಯ ಸಂತೋಷ ಇತ್ತು. ಜಗಲಿಯಲ್ಲಿ ಹೇಳಿದ ಹಾಡುಗಾರ ಯಾರೆಂದು ನನಗೆ ಆಗ ತಿಳಿಯಿತು.

ಇಳಿತದ ಹೊತ್ತು, ನೀರು ಹಿಂದೆ ಸರಿಯುತ್ತಿತ್ತು. ದೊಡ್ಡವರು ನೆಟ್ಟಗೆ ನಮ್ಮ ಕಡೆಗೇ ಬರುತ್ತಿದ್ದರು, ಬೆನ್ನು ಆಗಲೇ ಬಿಸಿಲಿಗೆ ಹೊಳೆಯುತ್ತಿತ್ತು. ಅಪ್ಪಿಯಕ್ಕನ ಮಗನ ದೋಣಿಯಲ್ಲಿ ಮೇಡಂ, ನಾನು, ಅಪ್ಪಿಯಕ್ಕ ಹೊರಟೆವು. ನಿಶ್ಮಿತಾ ಯಾರ ಅಪ್ಪಣೆಯನ್ನೂ ಕೇಳದೆ ಹತ್ತಿ ಕೂತಿದ್ದಳು, ಇಳಿಸುವುದಕ್ಕೆ ಪುರುಸೊತ್ತಿರಲಿಲ್ಲ. ಹೆಚ್ಚು ದೂರ ಹೋಗಬೇಕಾಗಲಿಲ್ಲ. ದೋಣಿಯ ಪಕ್ಕದಲ್ಲಿ ಆ ದೊಡ್ಡ ತಲೆ ನಿಂತಿತು. ಅದರ ಕಣ್ಣು ಮೇಡಂ ಮುಖದಲ್ಲೇ ನೆಟ್ಟಿತ್ತು. ಯಾಕೆ ಕರೆದಿರಿ ಎಂದು ಕೇಳುತ್ತಿತ್ತು.

ಕಾರಣ ಹೇಳಿ ಎಂದೆ. ಮೇಡಂ ದೋಣಿಯ ಅಂಚು ಹಿಡಿದು, ಪಾಠ ಹೇಳಲಿಕ್ಕೆ ಕರೆದೆ ಎಂದರು. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಆಮೇಲೆ ನಾವು ಹೇಳಿಕೊಟ್ಟ ಹಾಗೆ ಕೈ ಮುಗಿದು ಹೋಗಿ ಬನ್ನಿ ಎಂದರು. ತಲೆ ಆಚೆ ತಿರುಗಿತು. ನಮಗೆ ಉಸಿರು ಬಂತು ಎನ್ನುವಾಗ ಅದು ಸುತ್ತು ಹಾಕಿ ಮತ್ತೆ ದೋಣಿಯ ಪಕ್ಕಕ್ಕೇ ಬಂದು ನಿಂತಿತು. ಮೇಡಂ ಇನ್ನೊಮ್ಮೆ ಹೇಳಿದರು, ಗಟ್ಟಿಯಾಗಿ ಹೇಳಿದರು, ಬೇಡಿಕೊಂಡು ಹೇಳಿದರು. ಹೋಗುವುದು, ತಿರುಗಿ ಬರುವುದು. ಪ್ರತಿ ಸಲ ಬಂದಾಗಲೂ ಹೊಟ್ಟೆ ಮರಳಿಗೆ ಉಜ್ಜುವ ಸದ್ದು ದೋಣಿಯ ಹಲಗೆಯಲ್ಲಿ ನಮ್ಮ ಕಾಲಿಗೆ ತಿಳಿಯುತ್ತಿತ್ತು. ಅಪ್ಪಿಯಕ್ಕ ಅಳಲು ಶುರು ಮಾಡಿದಳು. ಆ ಹೆಡ್‌ಮಾಸ್ತರರೂ ಹೀಗೆಯೇ ಗಂಟಲು ಒಡೆಯುವ ತನಕ ಹೇಳಿದ್ದರಂತೆ, ಅವರ ಮಾತನ್ನೂ ದೊಡ್ಡವರು ಕೇಳಲಿಲ್ಲವಂತೆ ಎಂದಳು.

ಆಗ ನಿಶ್ಮಿತಾ ಮೇಡಂ ಸೆರಗು ಎಳೆದು, “ಮೇಡಂ, ನಾನು ನೋಡಿದ್ದನ್ನು ಹೇಳ್ಲಾ?” ಎಂದು ಕೇಳಿದಳು. ನಾನು ಗದರಲು ಬಾಯಿ ತೆರೆದೆ. ಮೇಡಂ ನನ್ನ ಕೈ ಅದುಮಿದರು, ಹೇಳು ಎಂದರು.

“ಅವರು ಮಾತು ಕೇಳ್ತಾ ಇದ್ದಾರೆ. ನೀವು ‘ಹೋಗಿ’ ಅಂದಾಗ ತಲೆ ಆಚೆ ತಿರುಗ್ತದೆ. ‘ಬನ್ನಿ’ ಅಂದ ಕೂಡ್ಲೇ ಈಚೆ ತಿರುಗ್ತದೆ.”

ಹುಟ್ಟಿದಾಗಿನಿಂದ ನಾವೆಲ್ಲ ಆಡುತ್ತ ಬಂದ ಮಾತು ಅದು. ಮನೆಗೆ ಬಂದವರನ್ನು ಹೋಗಿ ಎಂದು ಕಳಿಸುವುದುಂಟೇ? ಹೊರಟವರೂ ಬರ್ತೇನೆ ಎಂದೇ ಹೊರಡುತ್ತಾರೆ. ಬರಿಯ ‘ಹೋಗು’ ಎಂಬ ಮಾತನ್ನು ನಮ್ಮೂರಿನಲ್ಲಿ ಬೆಕ್ಕಿಗೂ ಹೇಳಲು ಹಿಂದೆಮುಂದೆ ನೋಡುತ್ತೇವೆ. ಸಣ್ಣ ಮೀನುಗಳು ಹೋಗಿ ಬನ್ನಿ ಎಂದರೆ ಹೋಗುತ್ತವೆ, ಇನ್ನೊಮ್ಮೆ ಕರೆದಾಗ ಬರುತ್ತವೆ. ಇವರು ದೊಡ್ಡವರು, ಹೇಳಿದ್ದನ್ನು ಹೇಳಿದ ಹಾಗೆಯೇ ನಡೆಸಿಕೊಡುವವರು. ಆ ಹೆಡ್‌ಮಾಸ್ತರರು ಮರ್ಯಾದೆಯಿಂದಲೇ ಅವರನ್ನು ಕೊಂದಿದ್ದರು.

ಮೇಡಂ ಅಪ್ಪಿಯಕ್ಕನನ್ನು ಒಂದೇ ಮಾತು ಕೇಳಿದರು. ಬರೀ ಹೋಗು ಅಂದರೆ ಏನಾಗುತ್ತದೆ? ಅಪ್ಪಿಯಕ್ಕ ಕಣ್ಣೊರೆಸಿಕೊಂಡು, “ಮತ್ತೆ ಯಾರು ಕರೆದ್ರೂ ಅವರ ಪೈಕಿ ಒಬ್ರೂ ಬರುದಿಲ್ಲ ಅಮ್ಮ. ಅಲ್ಲಿಗೆ ಸಂಬಂಧ ಮುಗಿಯಿತು” ಎಂದಳು.

ಮೇಡಂ ದೋಣಿಯಿಂದ ನೀರಿಗೆ ಇಳಿದರು. ಈಜು ಬಾರದವರು. ನೀರು ಅವರ ಎದೆಯ ತನಕ ಬಂತು, ನಾನು ಮೇಲಿನಿಂದ ಅವರ ಸೆರಗಿನ ತುದಿ ಬಿಗಿಯಾಗಿ ಹಿಡಿದುಕೊಂಡೆ. ಅವರು ಆ ಕಪ್ಪು ಕೆನ್ನೆಯ ಮೇಲೆ ಅಂಗೈ ಇಟ್ಟರು, ಮೊದಲ ದಿನ ಕಮಾನಿನ ಮೇಲೆ ಇಟ್ಟ ಹಾಗೆಯೇ.

“ಪಾಠಕ್ಕಲ್ಲವ್ವಾ. ನಿನ್ನ ನೋಡಬೇಕಂತ ಆಸೆ ಇತ್ತು, ಅದಕ್ಕ ಕರದೆ” ಎಂದರು. “ನೋಡಿದೆ. ನಂಗ ಸಾಕು.” ಮತ್ತೆ ಅದೇ ಹಳೆಯ ಮಾತು ಬಾಯಿಗೆ ಬರುತ್ತಿತ್ತೇನೋ, ತುಟಿ ಕಚ್ಚಿ ಹಿಡಿದರು. “ಹೋಗು. ಹೊಳ್ಳಿ ಬರಬ್ಯಾಡ. ನಾ ಕರದ್ರೂ ಬರಬ್ಯಾಡ.”

ಅದು ಕೂಡಲೇ ಹೋಗಲಿಲ್ಲ. ಸ್ವಲ್ಪ ಹೊತ್ತು ಅವರನ್ನೇ ನೋಡಿತು. ಆಮೇಲೆ ಮೈ ತಿರುಗಿಸಿತು, ಎದ್ದ ಅಲೆಗೆ ನಮ್ಮ ದೋಣಿ ಮಗುಚುವುದೊಂದು ಬಾಕಿ. ಹೊಟ್ಟೆಯಡಿಯ ಮರಳು ಕದಡಿ ನೀರೆಲ್ಲ ಕೆಸರಾಯಿತು. ಕಷ್ಟಪಟ್ಟು ಮೈ ಎಳೆದುಕೊಂಡು ಆಳದ ಕಡೆ ಸರಿಯಿತು. ಬೆನ್ನು ಮುಳುಗಿತು. ಬಹಳ ದೂರದಲ್ಲಿ ಒಮ್ಮೆ ಕಾರಂಜಿ ಕಂಡಿತು, ಆಮೇಲೆ ಅದೂ ಇಲ್ಲ. ಮೇಡಂ ಎದೆಮಟ್ಟದ ನೀರಿನಲ್ಲಿ ನಿಂತು ಬಿಕ್ಕಿಬಿಕ್ಕಿ ಅತ್ತರು. ನಾನೂ ಅತ್ತೆ. ಮಕ್ಕಳ ಎದುರು ಅಳಬಾರದು ಎಂದು ನನಗೊಂದು ನಿಯಮ ಇತ್ತು, ಅದು ಆ ದಿನ ಮುರಿಯಿತು.

ದಂಡೆಗೆ ಬಂದಾಗ ಇಡೀ ಊರು ಹಾಗೆಯೇ ನಿಂತಿತ್ತು. ಬಂಗೇರರು ಸನ್ಮಾನದ ಶಾಲನ್ನು ಬಿಡಿಸಿ, ಭಾಷಣ ಗೀಷಣ ಏನೂ ಇಲ್ಲದೆ, ನಡುಗುತ್ತಿದ್ದ ಮೇಡಂ ಹೆಗಲಿಗೆ ಹೊದಿಸಿದರು. “ನನ್ನ ಹೆಸರು ಹೇಳಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ ಮಾರಾಯ್ರೆ, ನಾನು ಇಲ್ಲೇ ಇದ್ದೆ” ಎಂದರು. ಅಳುತ್ತಿದ್ದವರೆಲ್ಲ ನಕ್ಕರು.

ಮರುದಿನ ಬೆಳಗ್ಗೆ ಜೀಪು ಹತ್ತುವಾಗ ಮೇಡಂ, “ಹೋಗ್ತೀನ್ರೀ ಟೀಚರ್” ಎಂದರು. ನಾನು ಗದರಿದೆ, ಬರ್ತೇನೆ ಎನ್ನಿ ಎಂದೆ. ಅವರು ಬಾಯಿ ತೆರೆದರು, ಆ ಮಾತು ಬರಲಿಲ್ಲ. ನಿನ್ನೆಯಿಂದ ನಾಲಿಗೆ ಅಲ್ಲೇ ನಿಂತುಬಿಟ್ಟಿದೆ ಎಂದು ನಗಲು ನೋಡಿದರು. ಖಾಲಿ ರೊಟ್ಟಿ ಡಬ್ಬಿಯಲ್ಲಿ ನಾನು ತುಂಬಿಸಿಕೊಟ್ಟ ಹಪ್ಪಳ ಹಿಡಿದುಕೊಂಡು ಹಾಗೆಯೇ ಹೊರಟರು. ಮಕ್ಕಳೆಲ್ಲ ಸೇರಿ ಹೋಗಿ ಬನ್ನಿ ಮೇಡಂ ಎಂದು ಕೂಗಿದರು. ಅವರು ತಿರುಗಿ ನೋಡಲಿಲ್ಲ. ಮಳೆಗಾಲ ಕಳೆಯುವಾಗ, ಕಡಲಪಾಠ ಇನ್ನು ನಮ್ಮ ಕಡೆಗೆ ಇಲ್ಲ, ಅವರನ್ನು ಕಚೇರಿಯ ಕೆಲಸಕ್ಕೆ ಹಾಕಿದ್ದಾರೆ ಎಂದು ತಿಳಿಯಿತು. ನನಗೆ ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು ಬಂದು, ಆ ಇಡೀ ವಾರ ಮಕ್ಕಳಿಗೆ ವಿಪರೀತ ಹೋಂವರ್ಕ್ ಕೊಟ್ಟೆ.

ಎಂಟನೇ ಪಾಠ ಮುಗಿದ ದಿನ ಪುಸ್ತಕ ಮುಚ್ಚದೆ ಮುಂದಿನ ಪುಟ ತಿರುಗಿಸಿದೆ. ಈಗ ಹೆದರಬೇಕಾಗಿರಲಿಲ್ಲ. ತಿಮಿಂಗಿಲ ಎಂದು ಗಟ್ಟಿಯಾಗಿ ಓದಿದೆ. ನನ್ನ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಮಕ್ಕಳೆಲ್ಲ ಒಟ್ಟಿಗೆ ಕಿಟಕಿಯ ಕಡೆ ತಿರುಗಿದರು. ಕಡಲು ಖಾಲಿ ಇತ್ತು. ನನಗೆ ಮುಂದಿನ ಸಾಲು ಓದಲು ಆಗಲಿಲ್ಲ. ಮನಸ್ಸಿನಲ್ಲೇ ಓದಿಕೊಳ್ಳಿ ಎಂದು ಹೇಳಿ ಹೊರಗೆ ಬಂದು ಮುಖ ತೊಳೆದುಕೊಂಡೆ.

ಆ ಸಂಜೆ ಶಾಲೆ ಬಿಟ್ಟ ಮೇಲೆ ದಂಡೆಯಿಂದ ಕೂಗು ಕೇಳಿಸಿತು. ಹೋಗಿ ನೋಡಿದರೆ ನನ್ನ ಕ್ಲಾಸಿನ ಮಕ್ಕಳೆಲ್ಲ ನೀರಿನಂಚಿನಲ್ಲಿ ಸಾಲಾಗಿ ನಿಂತು ಮಹಾದೇವಿ ಹೂಗಾರ, ಮಹಾದೇವಿ ಹೂಗಾರ ಎಂದು ಕಡಲಿಗೆ ಕೂಗುತ್ತಿದ್ದಾರೆ. ದೊಡ್ಡವರನ್ನು ಹೀಗೆ ಹೆಸರು ಹಿಡಿದು ಕರೆಯಲು ನಾಚಿಕೆಯಾಗುವುದಿಲ್ಲವಾ ಎಂದು ಬೈದೆ. ಅವರು ಮೀನಲ್ಲ, ಕರಿಮಣ್ಣಿನ ಊರಿನವರು, ಕರೆದರೆ ಬರುವುದಿಲ್ಲ ಎಂದೆ. “ಅವರು ಕಡಲಿನವರೇ ಅಲ್ವಾ ಟೀಚರ್?” ಎಂದು ನಿಶ್ಮಿತಾ ಕೇಳಿದಳು. ಉತ್ತರ ಗೊತ್ತಿಲ್ಲದಾಗ ಮಾಡುವ ಹಾಗೆ, ಎಲ್ಲರೂ ಮನೆಗೆ ನಡೆಯಿರಿ ಎಂದು ಓಡಿಸಿದೆ. ಅವರೆಲ್ಲ ಹೋದದ್ದು ಖಾತ್ರಿಯಾದ ಮೇಲೆ ನಾನೂ ಒಮ್ಮೆ ಕರೆದೆ, ಸಣ್ಣ ದನಿಯಲ್ಲಿ.

ನಕ್ಷತ್ರಮೀನಿನ ಹಾಗೆ ಅವರೂ ನಿಧಾನವಾಗಿಯೇ ಬಂದರು. ದಸರಾ ರಜೆ ಮುಗಿದು ಶಾಲೆ ಶುರುವಾದ ಒಂದು ಬೆಳಗ್ಗೆ ಸರ್ವಿಸ್ ಬಸ್ಸು ನಿಂತ ಸದ್ದಾಯಿತು. ಪಾಠದ ನಡುವೆ ತಲೆಯೆತ್ತಿದರೆ ಗೇಟಿನ ಕಮಾನಿನ ಕೆಳಗೆ ಆ ಗಿಡ್ಡ ಆಕೃತಿ, ಕೈಯಲ್ಲಿ ರೊಟ್ಟಿಯ ಡಬ್ಬಿ. ಅವರು ಕ್ಲಾಸಿನ ಬಾಗಿಲಿಗೆ ಬಂದು, ಕನ್ನಡಕ ಒರೆಸಿಕೊಂಡು, ಒಬ್ಬೊಬ್ಬರನ್ನೇ ನೋಡಿದರು. ಕಚೇರಿಯಲ್ಲಿ ಕೂತಲ್ಲಿ ಕೂರಲಾಗುತ್ತಿಲ್ಲವಂತೆ, ರಜೆ ಹಾಕಿ ಬಂದದ್ದಂತೆ.

“ಯಾರ್ರೀ ನನ್ನ ಕರದವ್ರು?” ಎಂದರು.

ಮಕ್ಕಳೆಲ್ಲ ನನ್ನ ಮುಖ ನೋಡಿದರು. ಕರೆದವರು ಕಾರಣ ಹೇಳಬೇಕು, ಸುಮ್ಮನೆ ಎನ್ನುವ ಹಾಗಿಲ್ಲ. ನೀವಿಲ್ಲದೆ ಬೇಜಾರಾಯಿತು ಎಂದು ಹೇಳಲು ನನಗೆ ಈ ವಯಸ್ಸಿನಲ್ಲಿ ನಾಚಿಕೆ.

“ನಾನೇ” ಎಂದೆ. “ಒಂಬತ್ತನೇ ಪಾಠ ಬಾಕಿ ಉಂಟು ಮೇಡಂ. ನನಗೆ ಮಾಡ್ಲಿಕ್ಕೆ ಬರುದಿಲ್ಲ.”

ಅವರು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಚಾಕ್‌ಪೀಸ್ ತೆಗೆದುಕೊಂಡರು. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ತಿಮಿಂಗಿಲ ಎಂದು ಬರೆದರು, ಬರೆದು ಗಟ್ಟಿಯಾಗಿ ಓದಿದರು. ಓದಿ ಕಿಟಕಿಯ ಕಡೆ ತಿರುಗಿದರು. ನಾವೆಲ್ಲರೂ ತಿರುಗಿದೆವು. ಬಹಳ ಹೊತ್ತು ನೋಡಿದೆವು. ಯಾರೂ ಬರಲಿಲ್ಲ.

“ಚಲೋ ಆತು” ಎಂದರು ಮೇಡಂ. ಮುಖದಲ್ಲಿ ನಗು ಇತ್ತು. “ಪುಸ್ತಕ ತಗೀರಿ. ಎಲ್ಲಾರೂ ಬಾಯಿಬಿಟ್ಟು ಓದೂಣು.”

ನಾನು ಹಿಂದಿನ ಬೆಂಚಿಗೆ ಹೋಗಿ ನಿಶ್ಮಿತಾಳ ಪಕ್ಕ ಕೂತು, ಅವಳ ಪುಸ್ತಕದಲ್ಲೇ ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತ ಓದಿದೆ.